ಅಸಲಿ ಫೋಟೊಕ್ಕ ಕೈ ಹಚ್ಚಿಲ್ರಿ

ಗದಗಿನ ಸ್ಟುಡಿಯೊವೊಂದರ ಕಂಪ್ಯೂಟರಿನಲ್ಲಿ ಹಳೆಯ ಕಪ್ಪುಬಿಳುಪು ಮದುವೆ ಫೋಟೊ ತೆರೆದಿತ್ತು. ಮಡಿಕೆಯ ಗೆರೆ ಮಾಯವಾಗಿ, ಮದುಮಗಳ ಮುಖ ಫಳಫಳ ಹೊಳೆಯುತ್ತಿತ್ತು. ಸರಿಮಾಡಿಸಲು ಕೊಟ್ಟಿದ್ದ ಮಗಳು ಮಾತ್ರ ಒಪ್ಪಲಿಲ್ಲ. "ನಮ್ಮವ್ವ ಇಷ್ಟ ಬೆಳ್ಳಗ ಇರ್ಲಿಲ್ಲಪಾ." ಸ್ಟುಡಿಯೊದ ಹುಡುಗ ಬಲಬದಿಯ ಪಟ್ಟಿಯಲ್ಲಿದ್ದ, ಬೆಳಕು ತಿದ್ದುವ 'ಕರ್ವ್ಸ್' ಲೇಯರಿನ (ಪದರದ) ಒಪಾಸಿಟಿಯನ್ನು 100ರಿಂದ 30ಕ್ಕೆ ಇಳಿಸಿದ. ತಾಯಿಯ ಎಣ್ಣೆಗಪ್ಪು ಮುಖ ಮರಳಿತು.

"ಅಸಲಿ ಫೋಟೊಕ್ಕ ನಾ ಕೈ ಹಚ್ಚೇ ಇಲ್ರಿ ಸರ. ಎಲ್ಲಾ ಮ್ಯಾಲಿನ ಲೇಯರಿನ್ಯಾಗ ಐತಿ" ಎಂದ. ಮಡಿಕೆ ಮುಚ್ಚಿದ ಕ್ಲೋನ್ ಕೆಲಸವೂ ಬೇರೊಂದು ಖಾಲಿ ಲೇಯರಿನಲ್ಲಿತ್ತು.

ಫೋಟೊಶಾಪಿಗೆ ಲೇಯರ್ ಬಂದದ್ದು 1994ರಲ್ಲಿ, ಕರ್ವ್ಸ್‌ನಂಥ ಅಡ್ಜಸ್ಟ್‌ಮೆಂಟ್ ಲೇಯರ್ 1996ರಲ್ಲಿ. ಈ ಹುಡುಗ ಬಳಸುತ್ತಿದ್ದುದು ಫೋಟೋಪಿಯಾ. ಇವಾನ್ ಕುಟ್ಸ್‌ಕಿರ್ 2013ರಲ್ಲಿ ಹೊರತಂದ ತಂತ್ರಾಂಶ. ಬ್ರೌಸರಿನಲ್ಲೇ ಓಡುತ್ತದೆ, ಜಾಹೀರಾತು ಸಹಿಸಿಕೊಂಡರೆ ಪುಕ್ಕಟೆ.

ನನ್ನನ್ನು ಹಿಡಿದು ಕೂರಿಸಿದ್ದು ಅದರ ಮಾಸ್ಕ್. ಲೇಯರಿನ ಪಕ್ಕದ ಪುಟ್ಟ ಬಿಳಿ ಚೌಕವನ್ನು ಆರಿಸಿಕೊಂಡು ಫೋಟೊ ಮೇಲೆ ಕಪ್ಪು ಬ್ರಷ್ ಆಡಿಸಿದಲ್ಲೆಲ್ಲ ತಿದ್ದುಪಡಿ ಅಡಗುತ್ತದೆ. ಬಿಳಿ ಆಡಿಸಿದರೆ ಮತ್ತೆ ಮೂಡುತ್ತದೆ. ಬೂದು ಬಳಿದರೆ ಅರೆಬರೆ. ಆಲ್ಟ್ ಒತ್ತಿ ಆ ಚೌಕವನ್ನು ಕ್ಲಿಕ್ಕಿಸಿದಾಗ ಮಾಸ್ಕೇ ಪರದೆ ತುಂಬಿತು: ಕಗ್ಗತ್ತಲಲ್ಲಿ ಒಂದು ಬಿಳಿ ಮುಖ, ಕಣ್ಣುಗಳಿದ್ದಲ್ಲಿ ಎರಡು ಕಪ್ಪು ಕಲೆ. ಕಣ್ಣಿಗೆ ಬೆಳಕು ಹೆಚ್ಚಿಸಬಾರದೆಂದು ಆತ ಅಲ್ಲಿ ಕಪ್ಪು ಬಳಿದಿದ್ದ. ತಿದ್ದಿದವನ ವಿವೇಚನೆಯೇ ಒಂದು ಚಿತ್ರವಾಗಿ ಉಳಿದಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನಿಂದ ಮತ್ತೆ ಮತ್ತೆ ಅದನ್ನೇ ತೆರೆಸಿದೆ.

ಫಿಲ್ಮ್ ಕಾಲದಲ್ಲಿ ರಿಟಚಿಂಗ್ ನಡೆಯುತ್ತಿದ್ದುದು ನೆಗೆಟಿವ್ ಮೇಲೆಯೇ. ಸೀಸದ ಪೆನ್ಸಿಲ್ ಆಡಿಸಿದಷ್ಟೂ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತಿತ್ತು. ಬ್ಲೇಡಿನಿಂದ ಕೆರೆದದ್ದಂತೂ ಹೋದಂತೆಯೇ. ನಮ್ಮ ಮನೆಗಳ ಗೋಡೆಯ ಮೇಲಿರುವ ಎಷ್ಟು ಅಜ್ಜಿಯರು ಹಾಗೆ ಬೆಳ್ಳಗಾದರೋ! ಇಂದಿನ ಬ್ಯೂಟಿ ಕ್ಯಾಮೆರಾಗಳ ಬಗೆಗೂ ನನಗೆ ಇದೇ ತಕರಾರು. ಫಿಲ್ಟರ್ ಹಚ್ಚಿದ ಮೇಲೆಯೇ ಫೋಟೊ ಉಳಿಸಿದರೆ ನಿಜವಾದ ಮುಖ ಎಲ್ಲೂ ಇರುವುದಿಲ್ಲ.

ಫೋಟೋಪಿಯಾದಲ್ಲಿ ಫೋಟೊದ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಬ್ಲರ್, ಶಾರ್ಪನ್‌ಗಳನ್ನೂ ಆಮೇಲೆ ಬದಲಿಸಬಹುದು. ಆದರೆ ಬರೀ 'ಅನ್‌ಡೂ' ನಂಬಬೇಡಿ, ಟ್ಯಾಬ್ ಮುಚ್ಚಿದರೆ ಆ ಹಿಸ್ಟರಿ ಹೋಯಿತು. ಜೆಪಿಜಿಯಲ್ಲಿ ಪದರಗಳೆಲ್ಲ ಒಂದಕ್ಕೊಂದು ಅಂಟಿಬಿಡುತ್ತವೆ. ಪಿಎಸ್‌ಡಿಯಲ್ಲಿ ಲೇಯರು, ಮಾಸ್ಕು, ಕೆಳಗಿನ ಅಸಲಿ ಫೋಟೊ ಎಲ್ಲವೂ ಬಿಡಿಬಿಡಿಯಾಗಿಯೇ ಇರುತ್ತವೆ. ಸ್ಟುಡಿಯೊಗೆ ಹಳೆಯ ಫೋಟೊ ಕೊಡುವವರು ಪ್ರಿಂಟಿನ ಜೊತೆ ಆ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ.