ನಿಮಗಿದು ಗೊತ್ತೆ? ಬಿಸಿಲು ಹೀರುವ ಮಸಿ

ಗಾಳಿಯಲ್ಲಿ ತೇಲುವ ಕಣಗಳೆಲ್ಲ ಒಂದೇ ಜಾತಿಯವಲ್ಲ. ಕಲ್ಲಿದ್ದಲು ಉರಿದಾಗ ಉಂಟಾಗುವ ಸಲ್ಫೇಟ್ ಕಣಗಳು ಬಿಸಿಲನ್ನು ಚದುರಿಸಿ ಒಂದಷ್ಟನ್ನು ಬಾಹ್ಯಾಕಾಶಕ್ಕೇ ಹಿಂತಿರುಗಿಸುತ್ತವೆ. ಅವುಗಳಿಂದ ಭೂಮಿಗೆ ತಂಪು. ಆದರೆ ಸೌದೆ ಒಲೆ, ಡೀಸೆಲ್ ಎಂಜಿನ್, ಹೊಲದಲ್ಲಿ ಸುಡುವ ಕೂಳೆ ಇವುಗಳಿಂದ ಏಳುವ ಮಸಿ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಕಪ್ಪು ಇಂಗಾಲ. ವಿಚಿತ್ರವೆಂದರೆ, ಮೇಲೆ ಗಾಳಿ ಕಾಯುತ್ತಿರುವಾಗಲೇ ಕೆಳಗೆ ನೆಲಕ್ಕೆ ತಲುಪುವ ಬಿಸಿಲು ಕಡಿಮೆಯಾಗುತ್ತದೆ!

ಇದನ್ನು ಅಳೆದ ಬಗೆ ಸೊಗಸಾಗಿದೆ. 2006ರ ಮಾರ್ಚ್‌ನಲ್ಲಿ ಮಾಲ್ದೀವ್ಸ್‌ನ ಹನಿಮಾಧೂ ದ್ವೀಪದಿಂದ ಪೈಲಟ್ ಇಲ್ಲದ ಮೂರು ಪುಟ್ಟ ವಿಮಾನಗಳನ್ನು ಒಂದರ ಮೇಲೊಂದರಂತೆ ಹಾರಿಸಲಾಯಿತು: ದಕ್ಷಿಣ ಏಷ್ಯಾದಿಂದ ಸಮುದ್ರದ ಮೇಲೆ ಚಾಚಿದ್ದ, ಮಸಿಯೂ ಇತರ ಕಣಗಳೂ ಬೆರೆತ ‘ಕಂದು ಮೋಡ’ದ ಕೆಳಗೊಂದು, ಒಳಗೊಂದು, ಮೇಲೊಂದು. ಮೇಲೆ ಬಿದ್ದ ಬಿಸಿಲಿಗೂ ಕೆಳಗೆ ಇಳಿದ ಬಿಸಿಲಿಗೂ ಇರುವ ವ್ಯತ್ಯಾಸ ಲೆಕ್ಕ ಹಾಕಿದರೆ ನಡುವೆ ಹೀರಿಹೋದದ್ದು ಎಷ್ಟೆಂದು ಸಿಕ್ಕಿಬಿಡುತ್ತದೆ. ಕೆಳ ವಾಯುಮಂಡಲವನ್ನು ಸೂರ್ಯ ಕಾಯಿಸುವ ಪ್ರಮಾಣ ಈ ಮೋಡದಿಂದಾಗಿ ಸುಮಾರು ಶೇ 50ರಷ್ಟು ಹೆಚ್ಚಿತ್ತು. ತಂಡದ ನೇತೃತ್ವ ವಹಿಸಿದ್ದ ವೀರಭದ್ರನ್ ರಾಮನಾಥನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು.

ಇದೇ ಮಸಿ ಹಿಮಾಲಯದ ಹಿಮದ ಮೇಲೆ ಕೂತರೆ ಬಿಳುಪು ಮಾಸಿ, ಹಿಮ ಬೇಗ ಕರಗುತ್ತದೆ. ಒಂದು ಸಮಾಧಾನವೂ ಇದೆ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಗಾಳಿಯಲ್ಲಿ ಉಳಿದರೆ, ಮಸಿ ಹೆಚ್ಚೆಂದರೆ ಒಂದೆರಡು ವಾರಗಳಲ್ಲಿ ಮಳೆಯೊಂದಿಗೆ ತೊಳೆದುಹೋಗುತ್ತದೆ, ಇಲ್ಲವೇ ತಾನಾಗಿಯೇ ನೆಲಕ್ಕಿಳಿಯುತ್ತದೆ.