ತಗಡು ಹದವಾದ ಮೇಲೆ ಬಣ್ಣ

ಹಳೆಯ ಕಾರಿಗೆ ಬಣ್ಣ ಹೊಡೆಸಲು ಹೊರಟ ಮಾಲೀಕರು ಗ್ಯಾರೇಜು ಮುಟ್ಟುವ ಮೊದಲೇ ಬಣ್ಣ ಆರಿಸಿಕೊಂಡಿರುತ್ತಾರೆ. ಟಿಂಕರಿಂಗ್ ಮಾಡುವವನಿಗೆ ಆ ಚಿಂತೆ ಇರುವುದಿಲ್ಲ. ಅವನು ಬಾಗಿಲಿನ ಕೆಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಮಣ್ಣು ಕೆರೆಯುತ್ತಾನೆ, ಡಿಕ್ಕಿಯ ಚಾಪೆ ಎತ್ತಿ ನೋಡುತ್ತಾನೆ. ಒಳಗೆ ತಗಡು ಎಷ್ಟು ಉಳಿದಿದೆ ಎಂಬುದೇ ಅವನ ಲೆಕ್ಕ. ಬಣ್ಣ ಹೊಡೆಯುವುದು ಒಂದೆರಡು ದಿನದ ಕೆಲಸ. ಅದಕ್ಕೆ ಮೊದಲಿನದು ತಿಂಗಳುಗಟ್ಟಲೆ ನಡೆಯುತ್ತದೆ.

ಗದಗ ಜಿಲ್ಲೆಯ ಅಡರಕಟ್ಟಿ, ಲಕ್ಷ್ಮೇಶ್ವರದ ಕಡೆ ಹಳೆಯ ಗಾಡಿ ಎಂದರೆ ಬಹುಮಟ್ಟಿಗೆ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ. ದೇಶವಿದೇಶದ ವಿಂಟೇಜ್ ಕಾರುಗಳನ್ನು ಒಂದೇ ಕಡೆ ನೋಡಬೇಕೆಂದರೆ ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವಿರುವ ‘ಪಯಣ’ ಮ್ಯೂಸಿಯಮ್ಮಿಗೆ ಹೋಗಬೇಕು. ನಮ್ಮ ಬಯಲುಸೀಮೆಯ ಒಣ ಹವೆ ಕಾರಿಗೆ ಒಳ್ಳೆಯದು, ಕರಾವಳಿಯ ಉಪ್ಪುಗಾಳಿಯ ಕಾಟ ಇಲ್ಲಿಲ್ಲ. ಆದರೆ ಎರೆಮಣ್ಣು ಸುಮ್ಮನೆ ಬಿಡುವುದಿಲ್ಲ. ಮಳೆಗಾಲದಲ್ಲಿ ಚಕ್ರದ ಮೇಲಿನ ಸಂದಿಗೆ ಮೆತ್ತಿಕೊಂಡದ್ದು ವಾರಗಟ್ಟಲೆ ತೇವ ಹಿಡಿದುಕೊಂಡು ತಗಡನ್ನು ಹಿಂದಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಹಿಂಬದಿ ಜರಡಿಯಾಗಿರುತ್ತದೆ.

ಆದ್ದರಿಂದ ಕೆಲಸ ಶುರುವಾಗುವುದು ಕಳಚುವುದರಿಂದ. ಬಂಪರ್, ದೀಪ, ಗಾಜಿನ ರಬ್ಬರು, ಬಾಗಿಲಿನ ಒಳಹೊದಿಕೆ ಎಲ್ಲ ಹೊರಬರುತ್ತವೆ. ಹಳೆಯ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಹಚ್ಚುತ್ತಾರೆ, ಇಲ್ಲವೇ ಉಜ್ಜುತ್ತಾರೆ. ಮರಳಿನ ಬ್ಲಾಸ್ಟಿಂಗ್ ಬೇಗ ಆಗುತ್ತದೆ ನಿಜ, ಚಾಸಿಗೆ ಅದು ಸರಿ. ಬಾನೆಟ್ಟು, ಬಾಗಿಲಿನ ತಗಡು ಹೆಚ್ಚೆಂದರೆ 1 ಮಿಲಿಮೀಟರ್ ಆಸುಪಾಸಿನದು. ಮರಳಿನ ಹೊಡೆತಕ್ಕೆ ಅದು ಅಲೆಅಲೆಯಾಗಿ ಸೊಟ್ಟಗಾದರೆ ಮತ್ತೆ ನೇರ ಮಾಡುವುದು ಕಷ್ಟ. ಬೆತ್ತಲೆ ತಗಡನ್ನು ಹಾಗೇ ಬಿಡುವಂತೆಯೂ ಇಲ್ಲ. ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಅದಕ್ಕೆ ಕಂದು ಛಾಯೆ ಬರುತ್ತದೆ. ಎಪಾಕ್ಸಿ ಪ್ರೈಮರ್ ಅವತ್ತೇ ಬೀಳಬೇಕು.

ಎಲ್ಲವನ್ನೂ ಕೆರೆದು ಹಾಕುವ ಮೊದಲು ಒಂದು ಕೆಲಸವಿದೆ. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಹೊದಿಕೆಯ ಒಳಗೆ, ಬಿಸಿಲು ಕಾಣದ ಜಾಗದಲ್ಲಿ ಕಾರ್ಖಾನೆಯ ಮೂಲ ಬಣ್ಣ ಉಳಿದಿರುತ್ತದೆ. ನುಣ್ಣನೆಯ ಪೇಪರಿನಿಂದ ಒಂದು ಬಿಂದುವಿನ ಸುತ್ತ ತಿಕ್ಕುತ್ತ ಹೋದರೆ ಪದರಗಳು ಉಂಗುರಗಳಾಗಿ ತೆರೆದುಕೊಳ್ಳುತ್ತವೆ: ಮೇಲೆ ಬಿಳಿ, ಅದರಡಿ ಯಾವನೋ ಹೊಡೆಸಿದ ನೀಲಿ, ತಳದಲ್ಲಿ ಕಾರು ಹುಟ್ಟಿದಾಗಿನ ಬೂದು. ಈ ಜಾಗದ ಫೋಟೋ, ಅಳತೆ, ತುಣುಕು ಇಟ್ಟುಕೊಳ್ಳದೆ ರಿಮೂವರ್ ಡಬ್ಬಿ ಬಿಚ್ಚುವುದು ನನ್ನ ದೃಷ್ಟಿಯಲ್ಲಿ ಅಪರಾಧ.

ಮುಂದೆ ಸುತ್ತಿಗೆ ಮತ್ತು ಡಾಲಿ. ಡಾಲಿ ಎಂದರೆ ತಗಡಿನ ಹಿಂದೆ ಒತ್ತಿಹಿಡಿಯುವ, ಕೈಯಲ್ಲಿ ಹಿಡಿಸುವಷ್ಟು ದೊಡ್ಡ ಉಕ್ಕಿನ ಗಟ್ಟಿ. ಅದರ ನೇರಕ್ಕೆ ಸುತ್ತಿಗೆ ಬಿದ್ದರೆ ತಗಡು ಹಿಗ್ಗುತ್ತದೆ. ಪಕ್ಕಕ್ಕೆ ಬಿದ್ದರೆ ಉಬ್ಬು ಇಳಿದು ತಗ್ಗು ಏಳುತ್ತದೆ. ಹಿಗ್ಗಿ ಸಡಿಲಾದ ತಗಡನ್ನು ಗ್ಯಾಸಿನ ಜ್ವಾಲೆಯಲ್ಲಿ ನಾಣ್ಯದಗಲ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಾರೆ. ಈ ಹಂತದಲ್ಲಿ ಒಳ್ಳೆಯ ಕೈ ಬಿದ್ದರೆ ಪುಟ್ಟಿ ಬೇಕಾಗುವುದು ಕೆನೆಯಷ್ಟೇ. ನಮ್ಮಲ್ಲಿ ಬಹಳ ಕಡೆ ಆಗುವುದು ತಿರುಗುಮುರುಗು. ಗದಗಿನ ಭಾಗದ ಪೇಂಟರುಗಳು ಪಳಗಿದ್ದು ಲಾರಿ, ಟ್ರ್ಯಾಕ್ಟರುಗಳ ಮೇಲೆ. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ವ್ಯವಹಾರ ಶುರುಮಾಡಿದ ಊರಲ್ಲವೇ ಇದು! ದುಡಿಯುವ ಗಾಡಿ ಶೆಡ್ಡಿನಲ್ಲಿ ನಿಂತಷ್ಟು ದಿನ ಲುಕ್ಸಾನು; “ಲಗೂನ ಹೊಡದ ಕೊಡ್ರಿ” ಎನ್ನುವ ಗಿರಾಕಿಗೆ ಪುಟ್ಟಿ ಮೆತ್ತಿ ಮುಗಿಸಿಕೊಡುವುದು ಅಲ್ಲಿ ತಪ್ಪೇನಲ್ಲ. ಐವತ್ತು ವರ್ಷದ ಕಾರಿಗೆ ಆ ಅವಸರ ಒಗ್ಗುವುದಿಲ್ಲ.

ಈಗಿನ ಪಾಲಿಯೆಸ್ಟರ್ ಪುಟ್ಟಿಗೆ ನೂರಕ್ಕೆ ಎರಡರಷ್ಟು ಹಾರ್ಡ್‌ನರ್ ಬೆರೆಸುತ್ತಾರೆ. ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾದರೆ ಬಿರುಕಿನ ಭಯ. ಇನ್ನೊಂದು ದೋಷ ಇನ್ನೂ ಸಾಮಾನ್ಯ: ಪುಟ್ಟಿಯ ಮೇಲೆ ನೀರು ಸುರಿದು ತಿಕ್ಕುವುದು. ಪುಟ್ಟಿ ನೀರು ಕುಡಿಯುತ್ತದೆ. ಮೇಲೆ ಬಣ್ಣ ಬಿದ್ದು ಕಾರು ಬಿಸಿಲಿಗೆ ನಿಂತು ಕೆಲವು ತಿಂಗಳಾದ ಮೇಲೆ ಗುಳ್ಳೆ ಏಳುತ್ತದೆ, ಬೈಗುಳ ಬಣ್ಣದ ಕಂಪನಿಗೆ ಹೋಗುತ್ತದೆ. ಪುಟ್ಟಿಯನ್ನು ಒಣಗಿಸಿಯೇ ತಿಕ್ಕಬೇಕು. ನೀರಿನ ಪೇಪರ್ ಏನಿದ್ದರೂ ಪುಟ್ಟಿಯ ಮೇಲೆ ಸರ್ಫೇಸರ್ ಎಂಬ ಪ್ರೈಮರ್ ಬಿದ್ದ ಮೇಲಿನ ಮಾತು.

ಮೈ ಕಟ್ಟಿದ ಮೇಲೆಯೇ ಬಣ್ಣ ಎನ್ನುವ ಶಿಸ್ತು ಈ ಸೀಮೆಗೆ ಹೊಸದಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಮೇಲೆ ಸೆಣಬಿನ ನಾರು, ಹುಣಸೆಬೀಜದ ಅಂಟು, ಕಲ್ಲಿನ ಪುಡಿಯ ಲೇಪಗಳನ್ನು ಕೊಟ್ಟು, ಒಣಗಿಸಿ, ಆಮೇಲೆ ಕುಂಚ ಹಿಡಿಯುತ್ತಾರೆ.

ತಿಕ್ಕುವುದಕ್ಕೆ ಬರಿಗೈ ಸಾಲದು. ಬೆರಳಿನ ಒತ್ತಡ ಬಿದ್ದಲ್ಲಿ ಕಾಲುವೆ ಬೀಳುತ್ತದೆ. ಉದ್ದನೆಯ ಹಲಗೆಗೆ ಪೇಪರ್ ಸುತ್ತಿ, ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಎಳೆಯಬೇಕು: 80ರ ಪೇಪರ್, 180, 320, ಕೊನೆಗೆ 600. ಬೂದು ಸರ್ಫೇಸರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ಸಿಂಪಡಿಸಿ ತಿಕ್ಕಿದರೆ ಉಬ್ಬಿನಲ್ಲಿ ಕಪ್ಪು ಅಳಿಸುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣು ಸುಳ್ಳು ಹೇಳುವ ಕಡೆ ಅಂಗೈ ಹೇಳುತ್ತದೆ. ಹಳಬರು ಅಂಗೈಯಡಿ ತೆಳು ಬಟ್ಟೆ ಇಟ್ಟು ಸವರಿ, ಕೂದಲೆಳೆಯಷ್ಟು ತಗ್ಗನ್ನೂ ಹಿಡಿಯುತ್ತಾರೆ. ಬಾನೆಟ್ಟು, ಬಾಗಿಲುಗಳನ್ನು ಕೂರಿಸಿ ಸಂದುಗಳ ಅಂತರ ಸರಿ ಮಾಡಿಕೊಳ್ಳುವುದೂ ಬಣ್ಣಕ್ಕೆ ಮೊದಲೇ.

ಕೊನೆಗೆ ಬಣ್ಣ. ಮೋಟಾರು ಯುಗದ ಆರಂಭದಲ್ಲಿ ಕುಂಚದಿಂದ ವಾರ್ನಿಷ್ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಡುಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂತು, ಕಾಯುವ ಕಾಲ ಗಂಟೆಗಳಿಗೆ ಇಳಿಯಿತು. ಡುಕೋ ಎಂಬ ಆ ಹೆಸರೇ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕಾರಿನ ಬಣ್ಣಕ್ಕೆ ನಿಂತಿದೆ. ಲ್ಯಾಕರಿನ ಹೊಳಪು ಮೆತ್ತನೆಯದು. ಕೋಟಿನ ಮೇಲೆ ಕೋಟು ಕೊಟ್ಟು, ಕಾಂಪೌಂಡಿನಿಂದ ತಿಕ್ಕಿ ತೆಗೆಯಬೇಕಾದದ್ದು. ಈಗ ಹೆಚ್ಚಿನವರು ಹೊಡೆಸುವುದು ಹಾರ್ಡ್‌ನರ್ ಬೆರೆಸಿದ ಪಿಯು (ಪಾಲಿಯುರೆಥೇನ್) ಬಣ್ಣ. ಅದು ಗಟ್ಟಿ, ಬಾಳಿಕೆಯೂ ಜಾಸ್ತಿ. ಆದರೆ 1960ರ ದಶಕದ ಫಿಯೆಟ್ ಗಾಜಿನಂತೆ ಫಳಫಳ ಎನ್ನುವಾಗ ನನಗೆ ಅದು ಮದುವೆಯ ಕಾರಿನ ಸಡಗರದಂತೆ ಕಾಣುತ್ತದೆ, ಆ ಕಾಲದ ಕಾರಿನಂತಲ್ಲ. 2021ರ ಕೇಂದ್ರ ನಿಯಮವೂ ಐವತ್ತು ವರ್ಷ ದಾಟಿ ಮೂಲ ಸ್ವರೂಪ ಉಳಿಸಿಕೊಂಡ ವಾಹನಕ್ಕೇ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಕೊಡುತ್ತದೆ. ಶುಲ್ಕ 20,000 ರೂಪಾಯಿ.

ಪಿಯು ಬಣ್ಣದ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅದನ್ನು ಸಿಂಪಡಿಸುವವರಿಗೆ ಆಸ್ತಮಾ ಅಂಟಿಕೊಳ್ಳಬಹುದು. ಹೊರಗಿನ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಸಾವಿರಾರು ರೂಪಾಯಿಯ ಬಣ್ಣ ಕೊಳ್ಳುವ ಮಾಲೀಕರು ಇದಕ್ಕೆ ದುಡ್ಡು ಬಿಚ್ಚುವುದು ಕಡಿಮೆ. ಗಾಳಿ, ಧೂಳಿನ ನಮ್ಮ ಊರುಗಳಲ್ಲಿ ನೆಲಕ್ಕೆ ನೀರು ಹೊಡೆದು, ಗಾಳಿ ಏಳುವ ಮೊದಲು ಬೆಳಗ್ಗೆಯೇ ಗನ್ ಹಿಡಿಯುವುದು ವಾಡಿಕೆ. ಕಂಪ್ರೆಸರಿನ ನೀರು ಬಸಿಯದಿದ್ದರೆ ಮಾತ್ರ ಈ ಜಾಗ್ರತೆಯೆಲ್ಲ ವ್ಯರ್ಥ.

ಹಳೆಯ ಕಾರು ಕೊಳ್ಳಲು ಹೊರಟವರು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಲಿ. ಬಣ್ಣ ಗೀರದಂತೆ ತೆಳು ಬಟ್ಟೆ ಸುತ್ತಿ ಬಾಗಿಲಿನ ತಳ, ಚಕ್ರದ ಕಮಾನುಗಳ ಮೇಲೆ ಇಟ್ಟು ನೋಡಬೇಕು. ಕಬ್ಬಿಣದ ತಗಡಿಗೆ ಅದು ಅಂಟಿಕೊಳ್ಳುತ್ತದೆ. ಜಾರಿ ಬಿದ್ದಲ್ಲಿ ಇರುವುದು ಪುಟ್ಟಿ, ಬೆಲೆಯ ಚೌಕಾಶಿ ಅಲ್ಲಿಂದಲೇ ಶುರುಮಾಡಬಹುದು.