ಜೀರ್ಣ ಜಾವಾ: ಉದ್ಧಾರವೋ, ರೂಪಾಂತರವೋ?

ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ದೇವಾಲಯಗಳೂ ಕೆರೆಕಟ್ಟೆಗಳೂ ಮನಸ್ಸಿಗೆ ಬರುವುದು ಸಹಜ. ಕುಸಿದುದನ್ನು ಎತ್ತಿ ನಿಲ್ಲಿಸುವುದು, ಹಾಗೆ ನಿಲ್ಲಿಸುವಾಗ ಮೂಲಸ್ವರೂಪಕ್ಕೆ ಭಂಗಬಾರದಂತೆ ನೋಡಿಕೊಳ್ಳುವುದು, ಈ ಎರಡೂ ಸೇರಿದರೇ ಆ ಮಾತು ಸಾರ್ಥಕವಾಗುವುದು. ಈ ಧರ್ಮವು ಕಲ್ಲಿಗೆ ಹೇಗೋ ಕಬ್ಬಿಣಕ್ಕೂ ಹಾಗೆಯೇ. ಹಿತ್ತಿಲಿನ ಚಪ್ಪರದ ಕೆಳಗೆ ಹಳೆಯ ಮೋಟಾರು ಸೈಕಲ್ಲುಗಳನ್ನು ಬಿಚ್ಚಿ ಜೋಡಿಸುವ ತರುಣರು ಈಗ ಊರೂರಿನಲ್ಲಿಯೂ ಇರುವುದರಿಂದ, ಈ ವಿಷಯವನ್ನು ಗೃಹಸ್ಥರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ನಮ್ಮ ನಾಡಿನವರಿಗೆ ಇಂತಹ ವಾಹನಗಳಲ್ಲಿ ಅತ್ಯಂತ ಪರಿಚಿತವಾದುದು ಜಾವಾ. ಚೆಕೊಸ್ಲೊವಾಕಿಯ ದೇಶದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ತನ್ನ ಹೆಸರಿನ ಮೊದಲಕ್ಷರಗಳನ್ನೂ, ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳನ್ನೂ ಕೂಡಿಸಿ ಈ ನಾಮವನ್ನು ಕಟ್ಟಿದನು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಈ ವಾಹನಗಳನ್ನು ತಯಾರಿಸಿತು. 1973ರಿಂದ ಯೆಜ್ಡಿಯೆಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತಾದರೂ, ಆ ಯಂತ್ರಗಳು ಬೇರೆ, ಮೈಸೂರಿನ ಹಳೆಯ ಯಂತ್ರಗಳು ಬೇರೆ. ಹಳೆಯವು ಇನ್ನು ಹುಟ್ಟುವಂತಿಲ್ಲ. ಇರುವವನ್ನು ಉಳಿಸಿಕೊಳ್ಳುವುದೊಂದೇ ದಾರಿ.

ಈ ಯಂತ್ರದ ರಚನೆಯೂ ಕೌತುಕಕರವಾದುದು. ಸಿಲಿಂಡರು ಒಂದೇ, ಹೊಗೆಯ ಕೊಳವೆಗಳು ಎರಡು. ಯಂತ್ರವನ್ನು ಒದ್ದು ಚಾಲೂಮಾಡುವ ಸನ್ನೆಯನ್ನೇ ಮುಂದಕ್ಕೆ ಮಡಿಸಿದರೆ ಗೇರು ಬದಲಿಸುವ ಸನ್ನೆಯಾಗುವುದು. ಟೂ-ಸ್ಟ್ರೋಕ್ ಜಾತಿಯದಾದುದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. ಹಳೆಯ ಮಾದರಿಗಳಿಗೆ 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಎಂದರೆ ಲೀಟರೊಂದಕ್ಕೆ 40 ಮಿಲಿಲೀಟರು, ರೂಢಿಯ ಪ್ರಮಾಣ. ಎಣ್ಣೆ ಕಡಮೆಯಾದರೆ ಪಿಸ್ಟನ್ನು ಕಾದು ಹಿಡಿದುಕೊಳ್ಳುವುದು. ಹೆಚ್ಚಾದರೆ ಮಸಿ ಕಟ್ಟುವುದು.

ಕೆಲಸಕ್ಕೆ ತೊಡಗುವವನು ಸ್ಪ್ಯಾನರನ್ನು ಹಿಡಿಯುವುದಕ್ಕೆ ಮುಂಚೆ ಲೇಖನಿಯನ್ನು ಹಿಡಿಯತಕ್ಕದ್ದು. ಚೌಕಟ್ಟಿನ ಮೇಲಣ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ನೋಂದಣಿ ಪತ್ರದೊಡನೆ ಹೊಂದುವುವೇ ಎಂದು ಮೊದಲು ನೋಡಬೇಕು. ಬಿಚ್ಚುವ ಪ್ರತಿಯೊಂದು ಭಾಗದ ಚಿತ್ರವನ್ನು ತೆಗೆದು, ತಿರುಪುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಬೇಕು. ಬಿಚ್ಚುವುದಕ್ಕೆ ಒಂದು ದಿನ ಸಾಕು. ಜೋಡಿಸುವ ಹೊತ್ತಿಗೆ ಆರು ತಿಂಗಳು ಕಳೆದು ನೆನಪು ಮಾಸಿರುತ್ತದೆ. ತುಕ್ಕು ಹಿಡಿದ ತಿರುಪಿಗೆ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಕಾಯಬೇಕಲ್ಲದೆ ಬಲಪ್ರಯೋಗವು ಸಲ್ಲದು.

ಬಹುಕಾಲ ನಿಂತ ಎಂಜಿನ್ನಿನಲ್ಲಿ ಮೊದಲು ಕೆಡುವುದು ಕ್ರ್ಯಾಂಕಿನ ಎರಡು ಪಕ್ಕಗಳಲ್ಲಿರುವ ಎಣ್ಣೆ ಸೀಲುಗಳು. ರಬ್ಬರು ಗಟ್ಟಿಯಾಗಿ ಬಿರುಕುಬಿಟ್ಟರೆ ಅಲ್ಲಿಂದ ಗಾಳಿ ನುಗ್ಗಿ, ಇಂಧನದ ಮಿಶ್ರಣವು ತೆಳುವಾಗಿ, ಯಂತ್ರವು ಮಿತಿಮೀರಿ ಕಾಯುವುದು. ಹೊರಗಿನ ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿದು ಈ ಅಲ್ಪಬೆಲೆಯ ಸೀಲುಗಳನ್ನು ಉಪೇಕ್ಷಿಸುವುದು ಅವಿವೇಕ. ಕಾರ್ಬ್ಯುರೇಟರನ್ನು ಶುದ್ಧಿಮಾಡುವುದು, ಹೊಗೆಯ ದ್ವಾರದ ಮಸಿಯನ್ನು ಕೆರೆಯುವುದು, ಹೊಸ ತಂತಿಗಳನ್ನು ಎಳೆಯುವುದು ಮನೆಯಲ್ಲಿಯೇ ಆಗುವ ಕೆಲಸಗಳು. ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ನು ಕೂಡಿಸುವುದೂ, ಕ್ರ್ಯಾಂಕನ್ನು ಸರಿಪಡಿಸುವುದೂ ಲೇತು ಇರುವ ನುರಿತ ಕೆಲಸಗಾರನಿಗೇ ಬಿಡತಕ್ಕವು.

ಮನೆಯೊಳಗಿನ ಕೆಲಸವಾದ್ದರಿಂದ ಮನೆಮಂದಿಯ ಕ್ಷೇಮವೂ ಚಿಂತನೀಯ. ಪೆಟ್ರೋಲನ್ನು ಬಯಲಿನಲ್ಲಿ, ಒಲೆ ದೀಪಗಳಿಂದ ದೂರದಲ್ಲಿ ಇಳಿಸಬೇಕು. ಖಾಲಿಯೆಂದು ಕಾಣುವ ಟ್ಯಾಂಕಿನಲ್ಲಿಯೂ ಆವಿಯಿರುವುದರಿಂದ ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕಿದರೆ ಸಿಡಿದು ಪ್ರಾಣಾಪಾಯವಾದೀತು. ಹಳೆಯ ಬ್ರೇಕುಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ಓಡಿಸಲೇಬಾರದು. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವಾಯುವೊಂದು ಕೂಡಿರುತ್ತದೆ.

ಇನ್ನು ರೂಪಾಂತರದ ವಿಚಾರ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಗತಿಸಿದ ತಂದೆಯು 1972ರಲ್ಲಿ ಕೊಂಡಿದ್ದ ಜಾವಾ ದೊರೆತಿತ್ತು. ಚೌಕಟ್ಟಿನ ಹಿಂಭಾಗವನ್ನು ಕತ್ತರಿಸಿ, ಗಿಡ್ಡ ಸೀಟು ಕೂಡಿಸಿ, ಸೈಲೆನ್ಸರುಗಳನ್ನು ಮೊಟಕುಮಾಡಿ, ಓಟದ ಪಂದ್ಯದ ವಾಹನದಂತೆ ಮಾಡಬೇಕೆಂಬುದು ಅವನ ಹಂಬಲ. ಅವನ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಬೀದಿಯ ತಿರುವಿಗೆ ಬಂದರೆ ಸದ್ದು ಕೇಳಿ ನಾನು ಕಾಫಿಗೆ ನೀರಿಡುತ್ತಿದ್ದೆ, ಮಗು. ಆ ಸದ್ದೊಂದನ್ನು ಕೆಡಿಸಬೇಡ," ಎಂದರಂತೆ. ಅವನು ನಮ್ಮ ಅಭಿಪ್ರಾಯವನ್ನು ಕೇಳಲು ಬಂದನು.

ತಾಳೆಗರಿಯ ಗ್ರಂಥವನ್ನು ಶೋಧಿಸುವ ಪಂಡಿತನು ತನಗೆ ತೋರಿದ ಪಾಠವನ್ನು ಪಕ್ಕದಲ್ಲಿ ಬರೆಯುತ್ತಾನೆಯೇ ಹೊರತು ಮೂಲದ ಅಕ್ಷರವನ್ನು ಕೆರೆದುಹಾಕುವುದಿಲ್ಲವೆಂದು ನಾವು ಹೇಳಿದೆವು. ಮರಳಿ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆ ಅಲಂಕಾರ. ಮರಳಿಸಲಾಗದ ಬದಲಾವಣೆ ಅಂಗಚ್ಛೇದ. ಯಂತ್ರಶಾಸ್ತ್ರವೂ ಇಲ್ಲಿ ತಾಯಿಯ ಪಕ್ಷವನ್ನೇ ವಹಿಸುತ್ತದೆ: ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ಕೊಳವೆಯೊಳಗಿನ ಒತ್ತಡದ ಅಲೆಗಳು ಸಿಲಿಂಡರು ತುಂಬುವ ಕ್ರಮಕ್ಕೆ ಸಂಬಂಧಪಟ್ಟಿರುವುದರಿಂದ, ಸೈಲೆನ್ಸರನ್ನು ಮೊಟಕುಮಾಡಿದರೆ ಗದ್ದಲ ಹೆಚ್ಚಿ ಶಕ್ತಿಯು ಕುಂದುವ ಸಂಭವವೇ ಅಧಿಕ. ಕಡೆಗೆ ಆ ತರುಣನು ಚೌಕಟ್ಟನ್ನು ಮುಟ್ಟಲಿಲ್ಲ. 6 ವೋಲ್ಟಿನ ಮಂಕು ದೀಪಕ್ಕೆ ಬದಲು 12 ವೋಲ್ಟಿನ ವ್ಯವಸ್ಥೆಯನ್ನು ಅಳವಡಿಸಿದನು. ಇದ್ದ ರಂಧ್ರಗಳಿಗೇ ಹೊಂದುವ ಹೊಸ ಸೀಟನ್ನು ಮಾಡಿಸಿದನು. ತೆಗೆದ ಮೂಲಭಾಗಗಳನ್ನೆಲ್ಲ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟನು.

ಕಾನೂನೂ ಈ ವಿವೇಕವನ್ನೇ ಬೋಧಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕನು ಮೊದಲು ನಮೂದಿಸಿದ ವಿವರಗಳಿಗೆ ವ್ಯತ್ಯಾಸಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2021ರ ನಿಯಮಗಳಂತೆ, 50 ವರ್ಷ ಮೀರಿದ, ಚಾಸಿ ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯು ದೊರೆಯುವುದು. ಹಾಗೆ ನೋಂದಾಯಿಸಿದ ವಾಹನವು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಮೀಸಲು, ನಿತ್ಯದ ಓಡಾಟಕ್ಕಲ್ಲ. ಕತ್ತರಿಸಿದ ಚೌಕಟ್ಟಿಗೆ ಈ ಗೌರವವು ದಕ್ಕಲಾರದು.

ಮನೆಯ ಮೂಲೆಯಲ್ಲಿ ಇಂತಹ ಯಂತ್ರವೊಂದು ಧೂಳು ತಿನ್ನುತ್ತಿದ್ದರೆ ಗುಜರಿಯವನನ್ನು ಕರೆಯುವ ಮುನ್ನ ಒಂದು ಕ್ಷಣ ಯೋಚಿಸಬೇಕೆಂದು ಓದುಗರಲ್ಲಿ ನಮ್ಮ ವಿಜ್ಞಾಪನೆ. ಅದರ ನೋಂದಣಿ ಪತ್ರ, ಹಳೆಯ ರಸೀತಿ, ಸನ್ನೆಯನ್ನು ಒದೆಯುವ ಮರ್ಮವನ್ನು ಬಲ್ಲ ಹಿರಿಯರ ಮಾತು, ಇವುಗಳನ್ನು ಈಗಲೇ ಒಂದೆಡೆ ಕೂಡಿಸಿಡಿರಿ. ಬಿಡಿಭಾಗವನ್ನು ಪೇಟೆಯಲ್ಲಿ ಹುಡುಕಿ ತರಬಹುದು. ಮನೆಯ ನೆನಪಿಗೆ ಬಿಡಿಭಾಗ ಯಾವ ಪೇಟೆಯಲ್ಲಿಯೂ ಸಿಕ್ಕದು.